ಕಲೀಪಾ ಹಿಡಿದ ಪಥ್ಯ

ನರೀನ್ ಪಟ್ಟಣದ ಸುತ್ತಮುತ್ತ ಎಲ್ಲೇ ಮದುವೆಯಾಗಲಿ, ಹಾರೈಕೆಯ ಮಾತು ಶಾಮೆನ್‌ನದೇ. ಅವನು ಬಾಯಿ ತೆರೆದರೆ ಬೀಗರೂ ಹೊಟ್ಟೆ ಹಿಡಿದುಕೊಂಡು ನಗಬೇಕು. ಒಂದೊಂದು ಹಾರೈಕೆಗೂ ಒಂದೊಂದು ಲೋಟ ವೋಡ್ಕಾ. ಹಾರೈಸಿದವನೇ ಕುಡಿಯದಿದ್ದರೆ ಅದು ಫಲಿಸೀತೇ? ಹೀಗೆ ಊರವರ ಮಕ್ಕಳಿಗೆಲ್ಲ ಒಳ್ಳೆಯದನ್ನು ಕೋರಿ ಕೋರಿ ಆಸಾಮಿ ತಾನು ಹಾಳಾದ.

ಮೈಮೇಲೆ ಸೋರಿಯಾಸಿಸ್ ಬೇರೆ. ಬೆನ್ನು, ತಲೆ, ಅಂಗೈ ಎಲ್ಲ ಕೆಂಪು ಕೆಂಪು. ಬೆಳಗ್ಗೆ ಹಾಸಿಗೆ ಕೊಡವಿದರೆ ಹಿಡಿ ಹಿಡಿ ಹೊಟ್ಟು. ಹೆಂಡತಿ ಕಲೀಪಾ ಹೆದರಿ ನಾಟಿ ಮದ್ದಿನ ಅಜ್ಜಿಯ ಬಳಿ ಓಡಿದಳು.

"ಉಷ್ಣ ಕಣೇ ಮಗಳೇ. ಕುರಿಮಾಂಸ ಉಷ್ಣ, ಕುದುರೆಮಾಂಸ ಇನ್ನೂ ಉಷ್ಣ. ಈರುಳ್ಳಿ, ಹಣ್ಣು ಏನೂ ಬೇಡ. ಬರೀ ಬಿಳೀ ರೊಟ್ಟಿ, ಚಹಾ ಕೊಡು."

"ವೋಡ್ಕಾ?"

"ಅದು ಗಂಡಸ್ರ ವಿಷಯ. ನನ್ನೇನು ಕೇಳ್ತೀಯ?"

ನೋಡಿ, ಎಂಥ ವೈದ್ಯ! ಕಲೀಪಾ ಮಾತ್ರ ಆ ಪಥ್ಯವನ್ನು ವ್ರತದಂತೆ ಹಿಡಿದಳು. ಮದುವೆಯಲ್ಲಿ ಶಾಮೆನ್‌ಗೆಂದು ಮರ್ಯಾದೆಯ ಮೂಳೆಮಾಂಸ ಬಂದರೆ, ಅವನ ಮುಂದಿನಿಂದಲೇ ತೆಗೆದು ಚೀಲಕ್ಕೆ ಹಾಕಿಕೊಳ್ಳುವಳು. "ಇವ್ಳು ಪೊಲೀಸ್ ಆಗ್ಬೇಕಿತ್ತು" ಎಂದು ಅವನು ಎಲ್ಲರನ್ನೂ ನಗಿಸಿ ಇನ್ನೊಂದು ಲೋಟ ಏರಿಸುವನು. ವರ್ಷಗಳು ಹೀಗೇ ಕಳೆದವು. ಒಸಡಿನಲ್ಲಿ ರಕ್ತ ಬಂತು, ಕಾಲು ಜೋಮು ಹಿಡಿಯಿತು. ಅವಳು ಪಥ್ಯವನ್ನು ಇನ್ನೂ ಬಿಗಿ ಮಾಡಿದಳು.

ಈ ವಸಂತದಲ್ಲಿ ಶಾಮೆನ್‌ನ ತಮ್ಮ ಎಸೆನ್‌ನ ಮಗಳ ಮದುವೆ. ಮೊದಲ ಹಾರೈಕೆಗೆಂದು ಎದ್ದ ಶಾಮೆನ್ ತೂರಾಡಿದ. ಕಣ್ಣುಗುಡ್ಡೆಗಳು ಅತ್ತಿತ್ತ ಹೊರಳಿದವು. ತಾನೇ ಎತ್ತಿ ಆಡಿಸಿದ್ದ ಮದುಮಗಳ ಹೆಸರೇ ಬಾಯಿಗೆ ಬರಲಿಲ್ಲ. ಜನ ಗೊಳ್ಳೆಂದು ನಕ್ಕರು.

"ಅತ್ತಿಗೆ, ಅಣ್ಣ ಆಗ್ಲೇ ಟೈಟು. ಮೂಲೇಲಿ ಮಲಗ್ಸಿ" ಎಂದ ಎಸೆನ್.

ಬೆಳಗ್ಗೆ ತಾನೇ ರೊಟ್ಟಿ ಮುಟ್ಟಿ ಇವತ್ತು ಕುಡಿಯುವುದಿಲ್ಲವೆಂದು ಆಣೆ ಮಾಡಿದ್ದನಲ್ಲ! ಕಲೀಪಾಗೆ ಮೈಯೆಲ್ಲ ಉರಿಯಿತು. ಬೈಯಲೆಂದು ಮುಖದ ಹತ್ತಿರ ಬಗ್ಗಿದಳು. ವಾಸನೆಯೇ ಇಲ್ಲ.

"ಅಯ್ಯೋ ಎಸೆನ್, ಇವ್ರು ಕುಡ್ದೇ ಇಲ್ಲ ಕಣೋ! ಗಾಡಿ ತೆಗಿಯೋ!"

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸೂಜಿ ಚುಚ್ಚಿ, "ಮನೇಲಿ ಏನು ಊಟ?" ಎಂದು ಕೇಳಿದರು.

"ಬರೀ ರೊಟ್ಟಿ, ಚಹಾ. ಒಂದು ತುಂಡು ಮಾಂಸಾನೂ ಮುಟ್ಟಿಸಿಲ್ಲ" ಎಂದಳು ಕಲೀಪಾ, ಶಹಬಾಸ್ ಸಿಗುತ್ತದೆಂಬಂತೆ.

ಡಾಕ್ಟರಮ್ಮ ಸೂಜಿ ಕೆಳಗಿಟ್ಟರು. "ಚರ್ಮ ಹೀಗೆ ಉದುರ್ತಿದ್ರೆ ವಿಟಮಿನ್ನೂ ಅದ್ರ ಜೊತೆ ಖರ್ಚಾಗುತ್ತಮ್ಮ. ಉಳಿದಿದ್ದನ್ನ ವೋಡ್ಕಾ ತಿಂತು. ತುಂಬ್ಸೋಕೆ ತಟ್ಟೇಲಿ ಏನೂ ಇರ್ಲಿಲ್ಲ. ಮೆದುಳಿಗೇ ಪೆಟ್ಟು ಬಿದ್ದಿದೆ."

"ಅಂದ್ರೆ... ನಾನೇನಾ?" ಎಂದಳು ಕಲೀಪಾ.

ದಿನವೂ ವಿಟಮಿನ್ ಸೂಜಿ ಬಿತ್ತು. ಕಣ್ಣು ನೆಟ್ಟಗಾಯಿತು, ಕಾಲು ನೆಲಕ್ಕೂರಿತು. ನೆನಪು ಮಾತ್ರ ಪೂರ್ತಿ ಮರಳಲಿಲ್ಲ. ಕಲೀಪಾ ಮನೆಯಿಂದ ಕುರಿಮಾಂಸದ ಸಾರು ಮಾಡಿ ತಂದು ಅವನ ಬಾಯಿಗೆ ಹಿಡಿದಳು. ಅವನು ಮುಖ ತಿರುಗಿಸಿದ.

"ಬೇಡ ತಂಗಿ. ನನ್ನ ಹೆಂಡ್ತಿಗೆ ಗೊತ್ತಾದ್ರೆ ನೊಂದ್ಕೋತಾಳೆ. ನಾನು ವಾಸಿಯಾಗ್ಲಿ ಅಂತ ಪಾಪ ಎಷ್ಟು ಒದ್ದಾಡ್ತಾಳೆ ಗೊತ್ತಾ?"

ಅವಳು ಸಾರನ್ನು ಮತ್ತೆ ಅವನ ಬಾಯಿಯ ಹತ್ತಿರ ತಂದಳು.

"ಅವ್ಳೇ ಕಳ್ಸಿದ್ದು ಅಣ್ಣಾ" ಎಂದಳು. "ಕುಡೀರಿ."