ಒಂಬತ್ತು ಅಡಿ ಅಡ್ಜಸ್ಟ್

ನಿವೃತ್ತಿಗೆ ಇನ್ನೆರಡು ವರ್ಷವಿದ್ದಾಗ ನಾನು ತಿ. ನರಸೀಪುರದಲ್ಲಿ ಸರ್ವೇಯರ್ ಆಗಿದ್ದೆ. ಮನೆ ನಂಜನಗೂಡಿನಲ್ಲಿ, ದಿನವೂ ಬಸ್ಸಿನ ಓಡಾಟ. ಮೂವರ ಸೀಟಿಗೆ ನಾಲ್ಕನೆಯವನಾಗಿ ಹೋಗಿ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂದರೆ ಅರ್ಧ ಸೀಟಂತೂ ಸಿಗುತ್ತಿತ್ತು. ನಮ್ಮ ಕಡೆ ಈ ಪದ ಹೊಗದ ಜಾಗವಿಲ್ಲ. ಮದುವೆ ಊಟದಲ್ಲಿ ಪಾಯಸ ಸಾಲದೆ ಬಂದರೆ ಅಡ್ಜಸ್ಟ್, ರವಿಕೆ ಬಿಗಿಯಾದರೆ ಟೈಲರ್ ಹೇಳುವುದೂ ಅಡ್ಜಸ್ಟ್, ಸೊಸೆಗೆ ಅತ್ತೆ ಹೇಳುವುದೂ ಅದೇ. 'ಬಿಟ್ಟುಕೊಡು' ಎಂದರೆ ಎದುರಿನವರ ಮುಖ ಗಂಟಾಗುತ್ತದೆ. 'ಅಡ್ಜಸ್ಟ್ ಮಾಡ್ಕೊ' ಎಂದರೆ ಇಲ್ಲ ಅನ್ನಲು ಅವರಿಗೇ ಸಂಕೋಚ. ನಾನೂ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದೆ.

ಆ ಮಳೆಗಾಲದಲ್ಲಿ ಸೋಸಲೆ ಕಡೆಯ ಹಳ್ಳಿಯೊಂದರ ಸಾಕಮ್ಮ ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಕೊಟ್ಟರು. ಗಂಡ ತೀರಿಹೋಗಿ ಇಪ್ಪತ್ತು ವರ್ಷವಾಗಿತ್ತು. ಇದ್ದದ್ದು ಇಪ್ಪತ್ತೆರಡು ಗುಂಟೆ ಗದ್ದೆ. ಪಕ್ಕದ್ದು ಭಾವ ಪುಟ್ಟಸ್ವಾಮಿಯವರದು. ಸಾಕಮ್ಮನ ಗದ್ದೆಗೆ ನಾಲೆಯ ನೀರು ಬಿಡುವ ತೂಬು ಎರಡು ಗದ್ದೆಗಳ ನಡುವಿನ ಬದುವಿನ ಆಚೆ, ಭಾವನ ಕಡೆಗೆ ಸೇರಿಹೋಗಿತ್ತು. ಅವರ ನಾಟಿ ಮುಗಿದ ಮೇಲೆಯೇ ಇವರಿಗೆ ನೀರು. ಕಿತ್ತು ನಾಟಿ ಮಾಡಲು ಕಾದಿದ್ದ ಸಾಕಮ್ಮನ ಪೈರಿಗೆ ಆಗಲೇ ಇಪ್ಪತ್ತೆಂಟು ದಿನ. ಇನ್ನೂ ಬಲಿತರೆ ಆ ವರ್ಷದ ಬೆಳೆ ಕೈಬಿಟ್ಟಂತೆಯೇ.

ಬದುವಿನ ಮೇಲೆ ಗಡಿಕಲ್ಲು ನೆಟ್ಟಗೆ ನಿಂತಿತ್ತು, ಅರಿಸಿನ ಕುಂಕುಮ ಬೇರೆ. ಪೂಜೆ ಮಾಡಿದ ಕಲ್ಲನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ, ಅನುಮಾನಿಸುವುದೂ ಇಲ್ಲ. ಹಳೆಯ ಅಳತೆ ಪುಸ್ತಕದಲ್ಲಿ ಸಾಕಮ್ಮನ ಗದ್ದೆಯ ಪೂರ್ವದ ಮೂಲೆಯಿಂದ ಆ ಕಲ್ಲಿಗೆ ನೂರಮೂವತ್ತಮೂರು ಅಡಿ. ನಾನು ಟೇಪು ಹಿಡಿದರೆ ನೂರಿಪ್ಪತ್ತನಾಲ್ಕು. ಹಳೇ ಅಳತೆಯಲ್ಲಿ ಒಂದೆರಡು ಅಡಿ ಆಚೀಚೆ ಇರುವುದುಂಟು. ಒಂಬತ್ತು ಅಡಿ ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಬಿಸಿಲು ನೆತ್ತಿಗೇರಿತ್ತು, ಮೂರೂವರೆಯ ಬಸ್ಸು ತಪ್ಪಿದರೆ ಕಷ್ಟ. ಈಗಿರುವ ಬದುವೇ ಗಡಿ ಎಂದು ಮಹಜರು ಬರೆದು ಪೆನ್ನನ್ನು ಸಾಕಮ್ಮನ ಕೈಗೆ ಕೊಟ್ಟೆ.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಮ್ಮ. ಅಕ್ಕಪಕ್ಕದೋರು."

ಅವರು ಪೆನ್ನನ್ನು ಹಾಗೇ ವಾಪಸ್ಸು ಕೊಟ್ಟರು.

"ಇಪ್ಪತ್ತೊರ್ಸದಿಂದ ನಾನೇ ಅಡ್ಜಸ್ಟ್ ಮಾಡ್ಕಂಡ್ ಬತ್ತಾ ಇವ್ನಿ ಸಾ. ಆ ಮಾತ ಒಂದ್ ದಪ ನಮ್ ಬಾವಂಗೂ ಏಳಿ."

ನನಗೆ ಕೆನ್ನೆಗೆ ಹೊಡೆದಂತಾಯಿತು. ಅಷ್ಟು ಹೊತ್ತು ಬದುವಿನ ಮೇಲೇ ನಿಂತಿದ್ದ ಭಾವನಿಗೆ ನಾನು ಒಂದು ಮಾತೂ ಹೇಳಿರಲಿಲ್ಲ. ಮಹಜರು ಹರಿದು ಮತ್ತೆ ಟೇಪು ಎಳೆಸಿದೆ. ನೂರಮೂವತ್ತಮೂರನೆಯ ಅಡಿ ಪುಟ್ಟಸ್ವಾಮಿಯವರ ನಾಟಿಯ ಒಳಗೆ ಬಿತ್ತು.

"ಪುಸ್ತಕ ಸುಳ್ಳೇಳ್ಬೋದು, ಕಲ್ಲು ಏಳಾದಾ ಸಾ?" ಎಂದರು ಪುಟ್ಟಸ್ವಾಮಿ.

ಜೊತೆಗಿದ್ದ ಗ್ರಾಮ ಸಹಾಯಕ ಸಿದ್ದಯ್ಯ ವಯಸ್ಸಾದವರು. ತಲೆ ಕೆರೆದುಕೊಂಡು ಹೇಳಿದರು: "ಅಳೇ ಕಾಲ್ದೋರು ಕಲ್ಲು ನೆಡಾವಾಗ ಅಡೀಲಿ ಇದ್ಲು ಆಕೋರು ಸಾ. ಅಗ್ದು ನೋಡವಾ."

ಇದ್ದಿಲು ಮಣ್ಣಿನಲ್ಲಿ ಎಷ್ಟು ವರ್ಷವಾದರೂ ಕೊಳೆಯುವುದಿಲ್ಲ. ಮೊದಲು ಬದುವಿನ ಕಲ್ಲಿನ ಪಕ್ಕ ಅಗೆಸಿದೆ, ಬರೀ ಮಣ್ಣು. ಆಮೇಲೆ ನಾಲ್ಕು ಗುಡ್ಡೆ ಪೈರು ಜೋಪಾನವಾಗಿ ಕಿತ್ತಿಟ್ಟು ನಾಟಿಯೊಳಗೆ ಅಗೆಸಿದೆ. ಎರಡು ಅಡಿ ಆಳದಲ್ಲಿ ಗುದ್ದಲಿಯ ಬಾಯಿಗೆ ಒಂದು ಹಿಡಿ ಇದ್ದಿಲು, ಜೊತೆಗೆ ಹೆಂಚಿನ ಚೂರು ಬಂದವು. ಸಾಕಮ್ಮ ಒಂದು ಚೂರು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದರು.

ಒಂಬತ್ತು ಅಡಿ ಅಗಲ, ನೂರೆಂಬತ್ತು ಅಡಿ ಉದ್ದ, ಹತ್ತಿರ ಹತ್ತಿರ ಒಂದೂವರೆ ಗುಂಟೆ. ತೂಬೂ ಅದರೊಳಗೇ ಇತ್ತು. ಪುಟ್ಟಸ್ವಾಮಿ ಕೊನೆಗೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಆಯ್ತು ಬುಡಿ ಸಾ. ನಾನೇ ಅಡ್ಜಸ್ಟ್ ಮಾಡ್ಕತೀನಿ."

"ಇದು ಅಡ್ಜಸ್ಟ್ ಅಲ್ಲ ಬಾವ," ಎಂದರು ಸಾಕಮ್ಮ. "ಇದು ನಂದು."

ಹೊಸ ಮಹಜರಿಗೆ ಇಬ್ಬರೂ ಸಹಿ ಹಾಕಿದರು. ಸಾಕಮ್ಮ ಅಲ್ಲಿಂದ ನೇರ ಹೋಗಿ ತೂಬು ತೆಗೆದರು. ಹೊರಡುವಾಗ 'ತಪ್ಪಾಯ್ತಮ್ಮ' ಎಂದೆ. "ಓಗ್ಲಿ ಬುಡಿ ಸಾ, ಎಲ್ರೂ ಅಂಗೇ ಅನ್ನಾದು" ಎಂದರು. ಬೈದಿದ್ದರೆ ವಾಸಿಯಿತ್ತು.

ಕೆಲಸ ಕಲಿಸಿದ್ದು ಇಷ್ಟೇ: ಆ ಪದವನ್ನು ನಾವು ಹೇಳುವುದು ಸರಿಯಬೇಕಾದವರಿಗಲ್ಲ, ಸರಿದು ಅಭ್ಯಾಸವಾದವರಿಗೆ. ಹೇಳುವ ಮುಂಚೆ ಇದುವರೆಗೆ ಯಾರು ಎಷ್ಟು ಸರಿದಿದ್ದಾರೆ ಎಂದು ಅಳೆಯಬೇಕು.

ಮೂರೂವರೆಯ ಬಸ್ಸು ತಪ್ಪಿತ್ತು. ಐದರ ಬಸ್ಸಿನಲ್ಲಿ ಮೂವರ ಸೀಟೊಂದರ ಪಕ್ಕ ನಿಂತು ಅಭ್ಯಾಸಬಲದಿಂದ ಬಾಯಿ ತೆರೆದೆ. ಕಿಟಕಿಯ ಬದಿಯಲ್ಲಿ ಅಜ್ಜಿಯೊಬ್ಬರು ಆಗಲೇ ತಗಡಿಗೆ ಒತ್ತಿಕೊಂಡು ಕೂತಿದ್ದರು. ನಂಜನಗೂಡಿನವರೆಗೂ ನಿಂತೇ ಬಂದೆ.