ಡಾರ್ಕಸ್ ಪೆಲ್, ಇದೇ ಊರಿನವಳು

ದೊಡ್ಡಮನೆಯ ಮೆಟ್ಟಿಲು ಹತ್ತಿದರೆ ಎದುರು ಗೋಡೆಯಲ್ಲಿ ನೀಲಿ ರೇಷ್ಮೆ ಗೌನು ತೊಟ್ಟ ಹೆಂಗಸಿನ ಚಿತ್ರವಿದೆ. ಗುರುವಾರದ ದಿನ ಮನೆ ನೋಡಲು ಬರುವ ಪರಊರಿನವರನ್ನು ಅಲ್ಲಿ ನಿಲ್ಲಿಸಿ, ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಗ್ರೈಸ್ ಒಂದು ಪಾಠ ಒಪ್ಪಿಸುತ್ತಾಳೆ. ಇವರು ಡೊರೊಥಿಯಾ, ಲೇಡಿ ಟಾರ್ವಿಲ್. ಬಾತ್ ಪಟ್ಟಣದ ಕರ್ನಲ್ ಒಬ್ಬರ ತಂಗಿಯ ಮಗಳು. ಈಗಿನ ಧಣಿಗಳ ಅಜ್ಜಿ. ಮೊನ್ನೆ ಮೊಟ್ಟೆ ಕೊಡಲು ಹೋದಾಗ ಇದನ್ನು ನಾನೇ ಕಿವಿಯಾರೆ ಕೇಳಿದೆ. ಮೈಯೆಲ್ಲ ಉರಿದುಹೋಯಿತು.

ಅವಳ ಹೆಸರು ಡಾರ್ಕಸ್ ಪೆಲ್. ಅಪ್ಪ ಎನೋಕ್ ಪೆಲ್, ನಮ್ಮ ಕೂಂಬ್‌ಹರ್ಸ್ಟಿನಲ್ಲಿ ಇಲಿ ಹಿಡಿಯುತ್ತಿದ್ದವನು. ಕರ್ನಲ್ಲೂ ಇಲ್ಲ, ಮಣ್ಣೂ ಇಲ್ಲ. ಹುಡುಗಿಯಾಗಿದ್ದಾಗಿನಿಂದ ಅವಳ ಜೊತೆ ದೊಡ್ಡಮನೆಯ ಹಾಲುಮನೆಯಲ್ಲಿ ಚೀಸ್ ಮಾಡಿದವಳು ನಾನು, ಸೂಕಿ. ನನಗೆ ಗೊತ್ತಿಲ್ಲದ್ದು ಮಿಸೆಸ್ ಗ್ರೈಸ್‌ಗೆ ಗೊತ್ತೇ? ಆಕೆ ಈ ಊರಿಗೆ ಬಂದದ್ದೇ ಮೊನ್ನೆ ಮೊನ್ನೆ.

ಎನೋಕನನ್ನು ಊರು ಎಷ್ಟೇ ಕೀಳಾಗಿ ನೋಡಿದರೂ ಅವನಿಲ್ಲದೆ ಅದಕ್ಕೆ ನಡೆಯುತ್ತಿರಲಿಲ್ಲ. ಹುಲ್ಲಿನ ಮೆದೆ ಬಿಚ್ಚುವ ದಿನ ಎಲ್ಲರಿಗೂ ಅವನು ಬೇಕು, ಅವನ ನಾಯಿ ನಿಪ್ ಬೇಕು. ಕೆಲಸ ಮುಗಿದ ಮೇಲೆ ಸೈಡರ್, ಅಂದರೆ ಸೇಬಿನ ಹೆಂಡ, ಕೊಡುವಾಗ ಮಾತ್ರ ಅವನ ಲೋಟ ಬೇರೆ. ತಾಯಿ ಇಲ್ಲದ ಮಗಳನ್ನು ಅವನೊಬ್ಬನೇ ಬೆಳೆಸಿದ. ಆ ಬೇರೆ ಲೋಟವನ್ನು ನೋಡುತ್ತಲೇ ಬೆಳೆದ ಡಾರ್ಕಸ್‌ಗೆ ಬಾಯಿ ಜೋರು, ಕೈ ಇನ್ನೂ ಜೋರು. ಅವಳು ಅದುಮಿ ಮಾಡಿದ ಚೀಸಿನ ಮೇಲೆ ವ್ಯಾಪಾರಿ ಬೂಟುಕಾಲಲ್ಲಿ ಹತ್ತಿ ನಿಂತರೂ ಅದು ಅಲುಗುತ್ತಿರಲಿಲ್ಲ. ನಮ್ಮ ಕಡೆ ಚೀಸ್ ಕೊಳ್ಳುವುದೇ ಹಾಗೆ, ಮೇಲೆ ನಿಂತು ನೋಡಿ. ಕುಸಿದರೆ ಒಳಗೆ ಹಸಿ, ಯಾರಿಗೂ ಬೇಡ.

ನೆಪೋಲಿಯನ್ನನನ್ನು ದ್ವೀಪಕ್ಕೆ ಅಟ್ಟಿ ಕೆಲವು ವರ್ಷವಾಗಿತ್ತು. ಆ ಬೇಸಗೆ ದೊಡ್ಡಮನೆಯಲ್ಲಿ ಹೆಣ್ಣುಗಳ ಸಂತೆ. ಲಾರ್ಡ್ ಟಾರ್ವಿಲ್, ಅಂದರೆ ನಮ್ಮ ಅಂಬ್ರೋಸ್ ಧಣಿ, ಮೂವತ್ತನಾಲ್ಕಾದರೂ ಮದುವೆಯಾಗಿರಲಿಲ್ಲ. ಅವರ ತಾಯಿ, ಊರಿನ ಬಾಯಲ್ಲಿ ದೊಡ್ಡಮ್ಮಾವ್ರು, ಒಳ್ಳೊಳ್ಳೆಯ ಮನೆತನದ ಮೂವರು ಹುಡುಗಿಯರನ್ನು ಅವರವರ ತಾಯಂದಿರ ಸಮೇತ ಕರೆಸಿ, ಇವರಲ್ಲಿ ಒಬ್ಬಳನ್ನು ಆರಿಸಿಕೋ ಎಂದು ಮಗನ ಮುಂದೆ ಕೂರಿಸಿದರು. ಒಬ್ಬಳು ಹಾಡುವಳು, ಒಬ್ಬಳು ಚಿತ್ರ ಬರೆಯುವಳು, ಮೂರನೆಯವಳಿಗೆ ಏನೂ ಬಾರದಿದ್ದರೂ ಅಪ್ಪನಿಗೆ ಕಲ್ಲಿದ್ದಲ ಗಣಿ ಇತ್ತು.

ಧಣಿಗೆ ಅಲ್ಲಿಂದ ತಪ್ಪಿಸಿಕೊಳ್ಳಲು ತಂಪಾದ ಜಾಗವೆಂದರೆ ನಮ್ಮ ಹಾಲುಮನೆ. ಮೊದಲ ದಿನ ಕೆಸರುಗಾಲಲ್ಲೇ ಒಳಗೆ ಬಂದರು. ಡಾರ್ಕಸ್ ತಲೆಯೆತ್ತಿಯೂ ನೋಡದೆ, ಬೂಟು ಹೊರಗೆ ಎಂದಳು. ಧಣಿ ಹೊರಗೆ ಹೋಗಿ ಬೂಟು ಕಳಚಿ, ಕಾಲುಚೀಲದಲ್ಲಿ ಬಂದು ನಿಂತರು. ಸುಮ್ಮನೆ ನಿಂತವರನ್ನು ಕಂಡರೆ ಡಾರ್ಕಸ್‌ಗೆ ಆಗದು. ಅಟ್ಟದ ಚೀಸುಗಳನ್ನು ದಿನಾ ಮಗುಚಿ ಹಾಕಬೇಕು. ಆ ಕೆಲಸ ಅವರಿಗೆ ಹಚ್ಚಿದಳು. ಅವರು ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಚೀಸು ಮಗುಚುತ್ತ ಅವರು ಮಾತಾಡುತ್ತಿದ್ದರು, ಅವಳು ನಗುತ್ತಿದ್ದಳು. ಡಾರ್ಕಸ್ ನಕ್ಕಿದ್ದನ್ನು ಅದಕ್ಕೆ ಮೊದಲು ನಾನು ಅಷ್ಟಾಗಿ ಕಂಡಿರಲಿಲ್ಲ. ಮೂವರು ಹುಡುಗಿಯರು ಪೆಟ್ಟಿಗೆ ಕಟ್ಟಿ ಹೊರಡುವ ಹೊತ್ತಿಗೆ ಧಣಿ ಮದುವೆಯಾಗುತ್ತೀಯಾ ಎಂದು ಅವಳನ್ನೇ ಕೇಳಿಬಿಟ್ಟಿದ್ದರು.

ಮೂರು ದಿನ ದೊಡ್ಡಮನೆಯಲ್ಲಿ ರಂಪವೋ ರಂಪ. ಆಮೇಲೆ ದೊಡ್ಡಮ್ಮಾವ್ರು ಡಾರ್ಕಸ್‌ಳನ್ನು ಕರೆಸಿದರು. ನಾನೂ ಜೊತೆಗೆ ಹೋಗಿ ಬಾಗಿಲ ಬಳಿ ನಿಂತಿದ್ದೆ. ಆಕೆ ಬಯ್ಯಲಿಲ್ಲ, ಅದೇ ಆಶ್ಚರ್ಯ. ಎಲ್ಲ ಲೆಕ್ಕ ಹಾಕಿ ಇಟ್ಟಿದ್ದರು. ಡಾರ್ಕಸ್ ಒಂದು ವರ್ಷ ಬಾತ್‌ನಲ್ಲಿ ತಮಗೆ ಬೇಕಾದ ಕರ್ನಲ್ ಒಬ್ಬರ ಮನೆಯಲ್ಲಿದ್ದು ನಡೆನುಡಿ ಕಲಿಯಬೇಕು. ಆತನ ತಂಗಿಯ ಮಗಳೆಂದು, ಡೊರೊಥಿಯಾ ಎಂಬ ಹೆಸರಿನಲ್ಲಿ ಹೊರಬರಬೇಕು. ಮದುವೆ ಲಂಡನ್ನಿನಲ್ಲಿ, ಪರವಾನಗಿ ಪಡೆದು, ಬಾಗಿಲು ಮುಚ್ಚಿಕೊಂಡು. ಎನೋಕನಿಗೆ ದೂರದ ಜಮೀನಿನಲ್ಲಿ ಒಂದು ಗುಡಿಸಲು. ಅವನು ಈ ಕಡೆ ತಲೆ ಹಾಕಬಾರದು.

ಡಾರ್ಕಸ್ ಕಿಟಕಿಯ ಬಳಿ ನಿಂತಿದ್ದ ಧಣಿಯ ಕಡೆ ತಿರುಗಿದಳು. "ನೀವು ಒಪ್ಪಿದ್ರಾ ಇದಕ್ಕೆ?"

"ಒಂದೇ ವರ್ಷ ತಾನೇ, ಡಾರ್ಕಸ್," ಎಂದರು ಧಣಿ.

ಆ ಮಾತು ಕೇಳಿ ಅವಳ ಮುಖ ಕೆಂಪಾಯಿತು. ಆದರೆ ಸ್ವರ ಏರಲಿಲ್ಲ. "ನಮ್ಮಪ್ಪ ಒಂದು ವರ್ಷಕ್ಕೆ ಸಾಯಲ್ಲ, ಧಣಿ. ಇದ್ದಾಗ್ಲೇ ಅವನಿಲ್ಲ ಅಂತ ನಾನು ಹೇಳಲ್ಲ. ನಾನು ಬೇಕು ಅಂದ್ರೆ ನಮ್ಮ ಚರ್ಚಲ್ಲಿ ಹೆಸರು ಓದ್ಸಿ. ಮೂರು ಭಾನುವಾರ, ಉಳುವವರಿಗೆ ಓದ್ತಾರಲ್ಲ ಹಂಗೆ. ಕೈ ಹಿಡಿದು ಕೊಡೋದು ನಮ್ಮಪ್ಪ. ಮೇಲೆ ನಿಂತು ನೋಡ್ದೆ ನಾನು ಯಾವುದನ್ನೂ ಕೊಳ್ಳಲ್ಲ."

ಧಣಿಗೆ ಚೀಸಿನ ಮಾತು ಅರ್ಥವಾಯಿತು. ಆಗಲಿ ಎಂದರು. ದೊಡ್ಡಮ್ಮಾವ್ರು ಬೀಸಣಿಗೆ ಮಡಚಿದರು.

ದೊಡ್ಡವರ ಮದುವೆ ಪರವಾನಗಿಯಲ್ಲೇ ಮುಗಿಯುತ್ತದೆ. ಚರ್ಚಿನಲ್ಲಿ ಹೆಸರು ಓದಿಸಿಕೊಂಡು, ಅಡ್ಡಿ ಇದ್ದವರು ಹೇಳಿ ಎಂದು ಊರಿನ ಮುಂದೆ ನಿಲ್ಲುವುದು ನಮ್ಮಂಥವರ ಪಾಡು. ಹೆಸರು ಓದುವ ಭಾನುವಾರ ನಮ್ಮ ಹುಡುಗಿಯರು ಚರ್ಚಿಗೆ ಹೋಗುವುದಿಲ್ಲ. ತನ್ನ ಹೆಸರು ತಾನೇ ಕೇಳಿಸಿಕೊಂಡರೆ ಕಿವುಡು ಮಕ್ಕಳು ಹುಟ್ಟುತ್ತವೆಂದು ನಂಬಿಕೆ. ಡಾರ್ಕಸ್ ಹೋದಳು. ಅಪ್ಪನ ಪಕ್ಕ, ಹಿಂದಿನ ಬೆಂಚಿನಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ಹೋಗಬೇಡ ಕಣೇ ಎಂದು ನಾನು ಗೋಗರೆದಿದ್ದೆ. ತನ್ನ ಹೆಸರು ಸರಿಯಾಗಿ ಓದುತ್ತಾರೋ ಇಲ್ಲವೋ ಕೇಳಿಸಿಕೊಳ್ಳುವವರು ಬೇಡವೇ ಎಂದು ಅವಳು ನನ್ನನ್ನೇ ಕೇಳಿದಳು.

ಅವಳ ಅನುಮಾನ ಸುಳ್ಳಾಗಲಿಲ್ಲ. ಪಾದ್ರಿ ಫಾಲೆಟ್ ಅವರಿಗೆ ಅನ್ನ ಹಾಕುವುದೇ ದೊಡ್ಡಮನೆ. ಧಣಿಯ ಹೆಸರನ್ನು ಬಿರುದು ಸಮೇತ ಗಂಟೆ ಹೊಡೆದ ಹಾಗೆ ಓದಿದವರು, ಅವಳ ಹೆಸರು ಬಂದಾಗ ಕೆಮ್ಮಿ, ಬಾಯೊಳಗೇ ಏನೋ ಗೊಣಗಿ ಮುಗಿಸಿದರು. ಎರಡನೆಯ ಭಾನುವಾರವೂ ಅದೇ ಕೆಮ್ಮು. ಧಣಿ ಎರಡೂ ದಿನ ಮುಂದೆ ದೊಡ್ಡಮನೆಯವರಿಗೆಂದೇ ಇದ್ದ ಎತ್ತರದ ಕಟಕಟೆಯಲ್ಲಿ, ಹಸಿರು ಪರದೆಯ ಹಿಂದೆ, ತಾಯಿಯ ಪಕ್ಕ ಕೂತಿದ್ದರು. ನಮಗೆ ಅವರ ತಲೆಗೂದಲು ಮಾತ್ರ ಕಾಣುತ್ತಿತ್ತು.

ಮೂರನೆಯ ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾದ್ರಿ ಓದಿದರು, ಕೆಮ್ಮಿದರು, ಯಾರದಾದರೂ ಅಡ್ಡಿ ಇದೆಯೇ ಎಂದು ಕೇಳಿದರು. ಪರದೆ ಸರಿಯಿತು. ದೊಡ್ಡಮ್ಮಾವ್ರು ಎದ್ದು ನಿಂತಿದ್ದರು.

"ನಂದು ಅಡ್ಡಿ ಇದೆ. ನಾನು ತಾಯಿ. ನನ್ನ ಒಪ್ಪಿಗೆ ಇಲ್ಲ."

ಪಾಪ, ಕಾನೂನು ಪಾದ್ರಿಗಳಿಗೆ ಗೊತ್ತಿತ್ತು; ಹೇಳಲೇಬೇಕಾಯಿತು. ತಂದೆತಾಯಿಯ ಒಪ್ಪಿಗೆ ಬೇಕಾದದ್ದು ಇಪ್ಪತ್ತೊಂದು ತುಂಬದವರಿಗೆ. ಧಣಿಗಳಿಗೆ ಅದು ಎಂದೋ ತುಂಬಿದೆ.

"ಹಾಗಾದ್ರೆ ಅವನನ್ನೇ ಕೇಳಿ," ಎಂದರು ದೊಡ್ಡಮ್ಮಾವ್ರು. "ತಾಯಿ ಒಪ್ಪದೆ ಮದುವೆ ಆಗ್ತಾನಾ ಕೇಳಿ."

ಪಾದ್ರಿಗಳು ಆ ಕಡೆ ತಿರುಗಿದರು. ಊರಿಗೆ ಊರೇ ತಿರುಗಿತು. ಧಣಿ ಬಾಯಿ ತೆರೆದರು. ತಾಯಿಯ ಮುಖ ನೋಡಿದರು. ಆಮೇಲೆ ತಮ್ಮ ಕೈಗವಸು ನೋಡಿಕೊಳ್ಳತೊಡಗಿದರು. ಹುಟ್ಟಿದಾಗಿನಿಂದ ಆ ಹೆಂಗಸಿಗೆ ಹೆದರಿದ ಮನುಷ್ಯ ಅವರು. ನನಗೂ ಅದು ಗೊತ್ತಿತ್ತು. ಆದರೂ ಆ ಹೊತ್ತಿನಲ್ಲಿ ಎದ್ದು ಹೋಗಿ ಅವರ ರಟ್ಟೆ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

ನನ್ನ ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ಡಾರ್ಕಸ್ ಎದ್ದಿದ್ದಳು.

"ಪಾದ್ರಿಗಳೇ, ನಂದೂ ಒಂದು ಅಡ್ಡಿ ಇದೆ."

"ನಿಂದಾ? ನಿನ್ನ ಮದುವೆಗೇನಾ?"

"ಹೂಂ. ಹುಡುಗನಿಗೆ ವಯಸ್ಸು ಸಾಲದು. ನಿಮ್ಮ ಪುಸ್ತಕದಲ್ಲಿ ಮೂವತ್ನಾಲ್ಕು ಅಂತ ಇರಬಹುದು. ಬಾಯಿ ಬಿಡೋಕೆ ಅಮ್ಮನ ಮುಖ ನೋಡ್ತಾರೆ, ನೀವೇ ನೋಡಿದ್ರಲ್ಲ. ಅಮ್ಮಾವ್ರು ಹೇಳಿದ್ದು ಸರಿ. ನಿಲ್ಸಿಬಿಡಿ. ಬಾರಪ್ಪ."

ಎನೋಕ್ ಟೋಪಿ ತೆಗೆದುಕೊಂಡ. ಬೆಂಚಿನ ಕೆಳಗಿಂದ ನಿಪ್ ಬಂದಿತು. ಮೂವರೂ ನಡುದಾರಿಯಲ್ಲಿ ಸಾವಕಾಶವಾಗಿ ನಡೆದು ಹೊರಗೆ ಹೋದರು. ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಜನ ಅವಳ ಧೈರ್ಯವನ್ನೇ ಇವತ್ತಿಗೂ ಹೊಗಳುತ್ತಾರೆ. ಆಮೇಲೆ ಚೀಸಿನ ಅಟ್ಟದಲ್ಲಿ ಅವಳು ಅತ್ತದ್ದನ್ನು ನೋಡಿದವಳು ನಾನೊಬ್ಬಳೇ. ಚೀಸು ಮಗುಚುವುದು, ಅಳುವುದು, ಮೂಗು ಒರೆಸಿಕೊಂಡು ಮತ್ತೆ ಮಗುಚುವುದು. ಆ ಮನುಷ್ಯನ ಮೇಲೆ ಅವಳಿಗೆ ಜೀವವೇ ಇತ್ತು. ಹೋಗಿ ಒಂದು ಮಾತು ಆಡಬಾರದೇ ಎಂದೆ. "ನಾನು ಹೋಗಲ್ಲ ಸೂಕಿ," ಎಂದಳು. "ನಡುವಲ್ಲಿ ಇನ್ನೂ ಹಸಿ ಇದೆ. ಗಟ್ಟಿ ಆಗೋದಿದ್ರೆ ಆಗುತ್ತೆ. ಇಲ್ಲಾಂದ್ರೆ ಹಂದಿಗೆ ಹಾಕೋದು."

ದೊಡ್ಡಮನೆಯ ಮ್ಯಾನೇಜರು ಬಂದು, ಸುಗ್ಗಿ ಮುಗಿದ ಕೂಡಲೇ ಅಪ್ಪ ಮಗಳು ಮನೆ ಖಾಲಿ ಮಾಡಬೇಕೆಂದು ಹೇಳಿ ಹೋದ. ಎನೋಕ್ ಬೋನುಗಳಿಗೆ ಎಣ್ಣೆ ಹಚ್ಚುತ್ತ ಕೂತಿದ್ದ. ಇಲಿ ಇಲ್ಲದ ಊರು ದೇವರು ಇನ್ನೂ ಮಾಡಿಲ್ಲ, ಎಲ್ಲಿಗಾದರೂ ಹೋದರಾಯಿತು ಎಂದ. ಅವಳೂ ಪೆಟ್ಟಿಗೆ ಕಟ್ಟಿದಳು.

ಧಣಿ ಬಂದದ್ದು ಕಡೆಯ ಗಾಡಿ ಗೋಧಿ ಕಣಜಕ್ಕೆ ಸೇರಿದ ಮರುದಿನ. ಹಾಲುಮನೆಗೆ ಬರಲಿಲ್ಲ, ನೇರ ಎನೋಕನ ಮನೆಗೆ ಹೋದರು. ಹೊಸಿಲ ಹೊರಗೆ ಬೂಟು ಬಿಟ್ಟರು. ನಾನು ಡಾರ್ಕಸ್‌ಗೆ ಪೆಟ್ಟಿಗೆಯ ಹಗ್ಗ ಬಿಗಿದುಕೊಡುತ್ತಿದ್ದೆ. ಅವರು ಮೊದಲು ಮಾತಾಡಿದ್ದು ಅವಳೊಂದಿಗಲ್ಲ.

"ಮಿಸ್ಟರ್ ಪೆಲ್, ಅವತ್ತೇ ನಿಮ್ಮನ್ನ ಕೇಳಬೇಕಿತ್ತು. ಕೇಳಲಿಲ್ಲ. ಈಗ ಕೇಳ್ತಿದ್ದೀನಿ."

ಎನೋಕನನ್ನು ಮಿಸ್ಟರ್ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಅವನು ಮಗಳ ಕಡೆ ಕೈ ತೋರಿಸಿದ. ಧಣಿ ಹೇಳಿದರು: ತಾಯಿ ಇನ್ನು ತೋಟದಾಚೆಯ ಸಣ್ಣ ಮನೆಯಲ್ಲಿರುತ್ತಾರೆ, ಸಾಮಾನು ಆಗಲೇ ಹೋಗಿದೆ, ಈ ಮನೆಯನ್ನು ಯಾರೂ ಖಾಲಿ ಮಾಡಬೇಕಾಗಿಲ್ಲ.

ಡಾರ್ಕಸ್ ಸೊಂಟದ ಮೇಲೆ ಕೈಯಿಟ್ಟಳು. "ಅಮ್ಮನ್ನ ಕೇಳಿದ್ರಾ, ಅಮ್ಮಂಗೆ ಹೇಳಿದ್ರಾ?"

"ಮೊದಲು ಕೇಳಿದೆ," ಎಂದರು ಧಣಿ. "ಆಮೇಲೆ ಹೇಳಿದೆ."

ಅವಳಿಗೆ ನಗು ಬಂತು, ತಡೆದುಕೊಂಡಳು. ಓದಿದ್ದು ಕೆಟ್ಟಿತು, ಮೂರೂ ಭಾನುವಾರ ಮೊದಲಿನಿಂದ ಓದಿಸಬೇಕು ಎಂದಳು. ಪರದೆಯ ಹಿಂದೆ ಕೂರುವ ಹಾಗಿಲ್ಲ. ಅವರು ತಲೆಯಾಡಿಸಿದರು.

ಹೀಗೆ ಲಾರ್ಡ್ ಟಾರ್ವಿಲ್ ಹಿಂದಿನ ಬೆಂಚಿನಲ್ಲಿ ನಮ್ಮ ಜೊತೆ, ಇಲಿ ಹಿಡಿಯುವವನ ಪಕ್ಕ, ಕಾಲ ಮೇಲೆ ನಿಪ್‌ನ ತಲೆ ಇಟ್ಟುಕೊಂಡು ಕೂತರು. ಮುಂದಿನ ಕಟಕಟೆಯಲ್ಲಿ ದೊಡ್ಡಮ್ಮಾವ್ರು ಒಬ್ಬರೇ. ಮೂರನೆಯ ಭಾನುವಾರ ಪಾದ್ರಿಗಳು ಧಣಿಯ ಹೆಸರು ಓದಿದರು, ಕೆಮ್ಮಿದರು, ಗೊಣಗಿದರು, ಅಡ್ಡಿ ಇದೆಯೇ ಎಂದು ಕೇಳಿದರು. ಎಲ್ಲರೂ ದೊಡ್ಡಮ್ಮಾವ್ರ ಪರದೆ ನೋಡಿದರು. ಅದು ಸರಿಯಲಿಲ್ಲ. ಆಮೇಲೆ ಎಲ್ಲರೂ ಡಾರ್ಕಸ್‌ಳನ್ನು ನೋಡಿದರು. ಅವಳೂ ಏಳಲಿಲ್ಲ. ಎದ್ದವರು ಧಣಿ.

ಪಾದ್ರಿಗಳು ಪುಸ್ತಕದಿಂದ ತಲೆ ಎತ್ತಿದರು. "ಅಡ್ಡಿಯಾ, ಧಣಿ?"

"ಅಡ್ಡಿ ಅಲ್ಲ. ಹುಡುಗಿ ಹೆಸರು ಕೇಳಿಸಲಿಲ್ಲ. ಕಳೆದ ಎರಡು ಭಾನುವಾರವೂ ಕೇಳಿಸಲಿಲ್ಲ. ಇನ್ನೊಂದು ಸಲ ಓದಿ. ಗಟ್ಟಿಯಾಗಿ."

ಪಾದ್ರಿಗಳು ಗಂಟಲು ಸರಿಮಾಡಿಕೊಂಡು ಓದಿದರು. "ಡಾರ್ಕಸ್ ಪೆಲ್, ಅವಿವಾಹಿತೆ, ಇದೇ ಊರಿನವಳು." ಅದು ಹೊರಗಿನ ಸಮಾಧಿಗಳವರೆಗೂ ಕೇಳಿಸಿತು. ಎನೋಕ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ?

ಮಗಳನ್ನು ಕೈ ಹಿಡಿದು ಕೊಟ್ಟವನು ಎನೋಕನೇ. ಬದುಕಿರುವವರೆಗೂ ಭಾನುವಾರದ ಊಟ ಅವನಿಗೆ ದೊಡ್ಡಮನೆಯ ಮೇಜಿನಲ್ಲಿ, ಅಳಿಯನ ಪಕ್ಕ, ಎಲ್ಲರಿಗೂ ಇಟ್ಟ ಲೋಟವೇ ಅವನಿಗೂ. ಲೇಡಿ ಆದ ಮೇಲೂ ಡಾರ್ಕಸ್ ಹಾಲುಮನೆಗೆ ಬಂದು ನನ್ನ ಚೀಸಿನಲ್ಲಿ ತಪ್ಪು ಹುಡುಕುತ್ತಿದ್ದಳು. ಮೂರು ಮಕ್ಕಳಾದವು, ಒಂದಕ್ಕೂ ಕಿವುಡಿಲ್ಲ. ಸತ್ತಾಗ ಟಾರ್ವಿಲ್‌ಗಳನ್ನು ಹೂಳುವ ನೆಲಮಾಳಿಗೆ ಬೇಡವೆಂದು ಹೇಳಿ ಅಪ್ಪನ ಪಕ್ಕದಲ್ಲಿ ಮಣ್ಣಾದಳು. ಧಣಿಯೂ ಅಲ್ಲೇ ಇದ್ದಾರೆ.

ಮೊಮ್ಮಗನಿಗೆ, ಅಂದರೆ ಈಗಿನ ಧಣಿಗೆ, ಲಂಡನ್ನಿನ ಹೆಂಡತಿ ಬಂದಳು. ಚಿತ್ರದ ಹೆಂಗಸಿನ ಅಪ್ಪ ಯಾರು ಎಂದು ನೆಂಟರು ಕೇಳಿದರೆ ಆಕೆಗೆ ನಾಚಿಕೆಯಂತೆ. ಎಂದೋ ಸತ್ತ ದೊಡ್ಡಮ್ಮಾವ್ರ ಕರ್ನಲ್‌ನನ್ನು ಎಲ್ಲಿಂದ ಅಗೆದು ತೆಗೆದರೋ ಕಾಣೆ. ಮಿಸೆಸ್ ಗ್ರೈಸ್‌ಳನ್ನು ನಾನು ಕೇಳಿದೆ. ಹೇಳು ಅಂದದ್ದನ್ನು ಹೇಳುತ್ತೇನೆ, ನನ್ನ ಹೊಟ್ಟೆಪಾಡು ಎಂದಳು. ಆಯಿತು, ಅವಳ ಮೇಲೆ ನನಗೆ ಸಿಟ್ಟಿಲ್ಲ.

ಈಗ ಗುರುವಾರಕ್ಕೆ ಮೊಟ್ಟೆ ಕೂಡಿಡುತ್ತೇನೆ. ಬುಟ್ಟಿ ಹಿಡಿದು ಮೆಟ್ಟಿಲ ಬುಡದಲ್ಲಿ ಪರಊರಿನವರ ಹಿಂದೆ ನಿಲ್ಲುತ್ತೇನೆ. ಮಿಸೆಸ್ ಗ್ರೈಸ್ ಡೊರೊಥಿಯಾ ಎಂದ ಕೂಡಲೇ ಕೈ ಎತ್ತುತ್ತೇನೆ. ಮಂಡಿ ನೋವು, ಮೆಟ್ಟಿಲು ಹತ್ತಲಾಗದು. ಗಂಟಲಿಗೆ ಏನೂ ಆಗಿಲ್ಲ. "ನಂದೊಂದು ಅಡ್ಡಿ ಇದೆ," ಎನ್ನುತ್ತೇನೆ. ಎಲ್ಲರೂ ತಿರುಗಿ ನೋಡಿದ ಮೇಲೆ ಅವಳ ಹೆಸರು ಹೇಳುತ್ತೇನೆ, ಗಟ್ಟಿಯಾಗಿ.