ಚೆಂಡಿಲ್ಲದ ಊರಿನ ಫುಟ್‌ಬಾಲ್ ಸ್ಟಾಕಿಂಗ್ಸ್

ಕ್ರೀಡಾಲೋಕಕ್ಕೆ ನಾನೂ ಒಂದಿಷ್ಟು ಸೇವೆ ಸಲ್ಲಿಸಿದ್ದೇನೆ ಎಂದು ಯಾರ ಎದುರಾದರೂ ಹೇಳಿದರೆ ಅವರ ಕಣ್ಣು ಮೊದಲು ಹೋಗುವುದು ನನ್ನ ಹೊಟ್ಟೆಯ ಮೇಲೆ. ತಪ್ಪು ಅವರದಲ್ಲ. ಬಸ್ಸು ಹಿಡಿಯಲು ಓಡುವುದನ್ನು ಕೂಡ ನಾನು ಬಿಟ್ಟು ಬಹಳ ಕಾಲವಾಯಿತು. ಆದರೂ ಎಸ್.ಟಿ.ಡಿ. ಬೂತುಗಳ ಮುಂದೆ ಜನ ಸಾಲು ನಿಲ್ಲುತ್ತಿದ್ದ ಆ ಕಾಲದಲ್ಲಿ, ಮೂಡಿಗೆರೆಯ ಕ್ರೀಡಾ ಸಾಮಗ್ರಿಯ ಅಂಗಡಿಯೊಂದರ ಕೌಂಟರಿನ ಹಿಂದೆ ನಾನು ಕೆಲವು ವರ್ಷ ನಿಂತಿದ್ದು ನಿಜ. ಎಷ್ಟು ಜನ ಆಟಗಾರರನ್ನು ಕಂಡಿರಿ ಎಂದು ಮಾತ್ರ ಕೇಳಬೇಡಿ. ನಮ್ಮ ಕಡೆಯವರು ಆಟದ ಸಾಮಾನು ಕೊಳ್ಳುತ್ತಿದ್ದುದು ಆಟಕ್ಕಲ್ಲ.

ಬ್ಯಾಡ್ಮಿಂಟನ್ ನೆಟ್ ಕೇಳಿಕೊಂಡು ಬಂದವರು ಬದನೆಕಾಯಿ ಮಡಿಯ ಅಳತೆ ಹೇಳುತ್ತಿದ್ದರು. ಕಾಡುಕೋಳಿ ಒಳಗೆ ನುಗ್ಗಬಾರದು, ಅಷ್ಟೇ. ವಿಷಲ್‌ಗಳೆಲ್ಲ ಎಸ್ಟೇಟಿನ ಮೇಸ್ತ್ರಿಗಳ ಪಾಲು. ವಸ್ತಾರೆ ಕಡೆಯ ಸಾಹುಕಾರರೊಬ್ಬರು ಹಾಕಿ ಸ್ಟಿಕ್ ಒಯ್ಯುತ್ತಿದ್ದರು. ಮೊಮ್ಮಗ ಚೆನ್ನಾಗಿ ಆಡ್ತಾನಾ ಎಂದು ವಿನಯದಿಂದ ವಿಚಾರಿಸಿದ್ದಕ್ಕೆ, "ಎಂತ ಮೊಮ್ಮಗ ಮಾರಾಯ? ಹಲಸಿನ ಹಣ್ಣಿಗೆ ಬರೋ ಮಂಗನ್ನ ಓಡ್ಸಕ್ಕೆ" ಎಂದರು. ಇನ್ನು ಕೇರಂ ಪೌಡರನ್ನು ಮಳೆಗಾಲದಲ್ಲಿ ಜನ ಮೈಯ ಯಾವ ಯಾವ ಭಾಗಕ್ಕೆ ಉದುರಿಸಿಕೊಳ್ಳುತ್ತಿದ್ದರು ಎಂಬುದನ್ನು ಮರ್ಯಾದಸ್ಥರು ಓದುವ ಪುಸ್ತಕದಲ್ಲಿ ಬರೆಯುವಂತಿಲ್ಲ.

ಆದರೆ ಅಂಗಡಿಯನ್ನು ನಿಜವಾಗಿ ಸಾಕಿದ್ದು ಫುಟ್‌ಬಾಲ್ ಸ್ಟಾಕಿಂಗ್ಸ್. ಮೊಣಕಾಲಿನವರೆಗೆ ಬರುವ, ಒತ್ತಾದ ನೇಯ್ಗೆಯ ಆ ಉದ್ದನೆಯ ಕಾಲುಚೀಲವನ್ನು ಹೊಗೆಸೊಪ್ಪಿನ ನೀರಿನಲ್ಲಿ ಅದ್ದಿ ಒಣಗಿಸಿ ಹಾಕಿಕೊಂಡರೆ ಇಂಬಳ, ಅಂದರೆ ನಮ್ಮ ಕಾಡಿನ ಜಿಗಣೆ, ಹತ್ತಿರ ಸುಳಿಯುವುದಿಲ್ಲ ಎಂದು ಯಾರು ಕಂಡುಹಿಡಿದರೋ ತಿಳಿಯದು. ಮೊದಲ ಮಳೆ ಬಿದ್ದ ಕೂಡಲೇ ಕಳಸ, ಹೊರನಾಡು, ಆಲ್ದೂರು ಕಡೆಯ ಬಸ್ಸುಗಳಿಂದ ಇಳಿದವರೆಲ್ಲ ನೆಟ್ಟಗೆ ನಮ್ಮಲ್ಲಿಗೇ ಬರುತ್ತಿದ್ದರು. ಹೆಂಗಸರು ಸೀರೆಯ ಬಣ್ಣಕ್ಕೆ ಹೊಂದುವುದು ಬೇಕೆಂದು ಹಟ ಹಿಡಿಯುತ್ತಿದ್ದರು. ಇಂಬಳವೆಂದರೆ ಸಾಮಾನ್ಯ ಜೀವಿಯಲ್ಲ, ಮುಂದೂ ಹಿಂದೂ ಎರಡು ಕಡೆಯಿಂದಲೂ ಅಂಟಿಕೊಳ್ಳಬಲ್ಲದು. ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಟ್ಟ ಮೇಲೂ ರಕ್ತ ನಿಲ್ಲುವುದಿಲ್ಲ. ದೇವವೈದ್ಯ ಧನ್ವಂತರಿಯ ಒಂದು ಕೈಯಲ್ಲಿ ಅಮೃತದ ಕಲಶವಿದ್ದರೆ ಇನ್ನೊಂದರಲ್ಲಿ ಜಿಗಣೆ ಇದೆ. ಪಂಡಿತರು ಇದನ್ನು ರಕ್ತಶುದ್ಧಿಯ ಸಂಕೇತ ಎನ್ನುತ್ತಾರೆ. ನನಗೇನೋ ಆತ ನಮ್ಮ ಮೂಡಿಗೆರೆ ಕಡೆಯವನೇ ಎಂಬ ಅನುಮಾನ. ಹತ್ತಿದ್ದನ್ನು ಕೀಳಲು ಪುರುಸೊತ್ತಾಗದೆ ಹಾಗೆಯೇ ಚಿತ್ರಕ್ಕೆ ನಿಂತುಬಿಟ್ಟಿದ್ದಾನೆ.

ಅಂಗಡಿಯ ಮಾಲೀಕರು ವಾಸಣ್ಣ. ಕಾಲೇಜಿನಲ್ಲಿ ಜಾವೆಲಿನ್ ಎಸೆದು ಪ್ರಿನ್ಸಿಪಾಲರ ಸ್ಕೂಟರಿನ ಸೀಟಿಗೆ ಚುಚ್ಚಿದ್ದೇ ಅವರ ಕ್ರೀಡಾ ಸಾಧನೆ. ಕೆಲಸಕ್ಕೆ ಇದ್ದವರು ನಾನು ಮತ್ತು ನನಗಿಂತ ಹಿರಿಯರಾದ ಸರಳಕ್ಕ. ಎಲ್ಲ ಸುಖವಾಗಿಯೇ ಇತ್ತು, ಸ್ಟಾಕಿಂಗ್ಸ್ ಕಳಿಸುತ್ತಿದ್ದ ಬೆಂಗಳೂರಿನ ಕಂಪನಿಯಿಂದ ಒಂದು ಫೋನು ಬರುವ ತನಕ. ರಾಜ್ಯದಲ್ಲೇ ಅತಿ ಹೆಚ್ಚು ಫುಟ್‌ಬಾಲ್ ಸ್ಟಾಕಿಂಗ್ಸ್ ಮಾರುವ ಅಂಗಡಿ ನಮ್ಮದಂತೆ. ವಾಸಣ್ಣ ಹಿಗ್ಗಿ ಮುಗಿಸುವಷ್ಟರಲ್ಲಿ ಎರಡನೆಯ ಮಾತು ಬಂತು. ಇಷ್ಟು ಜನ ಫುಟ್‌ಬಾಲ್ ಆಡುವ ಊರಿನಲ್ಲಿ ಕಂಪನಿಯ ಚೆಂಡು ಒಂದೂ ಹೋಗಿಲ್ಲ, ಬೂಟು ಒಂದೂ ಹೋಗಿಲ್ಲ. ಅಂದರೆ ಅವನ್ನೆಲ್ಲ ನೀವು ಕದ್ದುಮುಚ್ಚಿ ಬೇರೆ ಕಂಪನಿಯಿಂದ ತರಿಸುತ್ತಿದ್ದೀರಿ. ಮ್ಯಾನೇಜರ್ ಸೆಲ್ವರಾಜ್ ಖುದ್ದಾಗಿ ಬಂದು ನೋಡುತ್ತಾರೆ. ಅನುಮಾನ ನಿಜವಾದರೆ ಏಜೆನ್ಸಿ ಚಿಕ್ಕಮಗಳೂರಿನ ದೊಡ್ಡ ಅಂಗಡಿಗೆ ಹೋಗುತ್ತದೆ.

ಏಜೆನ್ಸಿ ಹೋದರೆ ಮಳೆಗಾಲದ ವ್ಯಾಪಾರ ಹೋಯಿತು, ಅದರ ಹಿಂದೆಯೇ ನನ್ನ ಕೆಲಸ. ನನಗೆ ಆಗಷ್ಟೇ ಮದುವೆ ನಿಶ್ಚಯವಾಗಿತ್ತು. ಹುಡುಗಿಯ ಕಡೆಯವರು ನನ್ನಲ್ಲಿ ಕಂಡ ಒಂದೇ ಒಂದು ಸದ್ಗುಣ ಈ ಕೆಲಸ.

"ಇಂಬಳಕ್ಕೆ ಅಂತ ನಿಜ ಹೇಳ್ಬಿಡಿ ವಾಸಣ್ಣ" ಎಂದರು ಸರಳಕ್ಕ.

"ಎಂತ ಹೇಳೂದು? ಇಂಬಳ ಅಂದ್ರೆ ಎಂತದು ಅಂತ ಬೆಂಗಳೂರವ್ರಿಗೆ ಗೊತ್ತುಂಟಾ? ಕಳ್ಳ ಸಿಕ್ಕಿಬಿದ್ಮೇಲೆ ಕಥೆ ಕಟ್ತಾನೆ ಅಂತಾರೆ" ಎಂದ ವಾಸಣ್ಣ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಉಪಾಯ ಹೇಳಿದರು. "ನಮ್ ಜನ ಬಡವ್ರು, ಊರಿಗೆಲ್ಲ ಒಂದೇ ಹಳೇ ಚೆಂಡು, ಬೂಟಿಲ್ದೆ ಬರೀ ಸ್ಟಾಕಿಂಗ್ಸಲ್ಲೇ ಆಡ್ತಾರೆ ಅಂತ ತೋರ್ಸಣ."

ಹೀಗೆ ಒಂದು ಭಾನುವಾರ ವಾಸಣ್ಣನ ಭಾವನ ಎಸ್ಟೇಟಿನಲ್ಲಿ, ಕಾಫಿ ಒಣಗಿಸುವ ಕಣದ ಕೆಳಗಿನ ಹುಲ್ಲುಬಯಲಿನಲ್ಲಿ, ಜೀವಮಾನದಲ್ಲಿ ಫುಟ್‌ಬಾಲ್ ಕಾಣದ ಎರಡು ತಂಡಗಳು ತಯಾರಾದವು. ಕೋಳಿಸಾರಿನ ಊಟದ ಆಸೆಗೆ ಕೆಲಸದವರೆಲ್ಲ ಬಂದಿದ್ದರು, ಹೆಂಗಸರೂ ಸೇರಿ. ಎಲ್ಲರ ಕಾಲಿನಲ್ಲೂ ಸ್ಟಾಕಿಂಗ್ಸ್. ಅಂಗಡಿಯ ಗಾಜಿನ ಕಪಾಟಿನಲ್ಲಿ ಶೋಕಿಗೆಂದು ಇಟ್ಟಿದ್ದ, ಬಣ್ಣ ಹೋದ ಚೆಂಡಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ ತಂದಿದ್ದೆ.

ಸೆಲ್ವರಾಜ್ ಕೊಡೆ ಹಿಡಿದು ನಿಂತರು. ಕೊಕ್ಕರೆಯಂತಹ ಉದ್ದ ಕಾಲಿನ, ನಗದ ಮನುಷ್ಯ. ಆಟ ಶುರುವಾಯಿತು, ಹಾಗೆನ್ನಬಹುದಾದರೆ. ಚೆಂಡನ್ನು ಕೈಯಲ್ಲಿ ಮುಟ್ಟಬಾರದೆಂದು ಮೇಸ್ತ್ರಿ ಕಟ್ಟುನಿಟ್ಟಾಗಿ ಹೇಳಿದ್ದರಿಂದ ಅದು ಕಾಫಿ ಗಿಡಗಳ ನಡುವೆ ಉರುಳಿಹೋದಾಗ ಎಲ್ಲರೂ ಸುತ್ತ ನಿಂತು ನೋಡಿದರೇ ಹೊರತು ಒಬ್ಬರೂ ಎತ್ತಲಿಲ್ಲ. ಗೋಲ್‌ಕೀಪರ್ ಆಗಿದ್ದ ಗಿರಿಜಮ್ಮ ಚೆಂಡನ್ನು ಒಮ್ಮೆ ಅವುಚಿಕೊಂಡವರು ಬಿಡಲೇ ಇಲ್ಲ. "ಹಿಡೀಬೇಕು ಅಂದ್ರು, ಹಿಡ್ದೆ. ಕೊಡ್ಬೇಕು ಅಂತ ಯಾರೂ ಹೇಳ್ಲಿಲ್ಲ" ಎಂದು ಜಗಳಕ್ಕೇ ನಿಂತರು. ವಾಸಣ್ಣ ಆಕಾಶ ನೋಡತೊಡಗಿದರು. ನಾನು ಮನಸ್ಸಿನಲ್ಲೇ ಹುಡುಗಿಯ ಕಡೆಯವರಿಗೆ ಹೇಳಬೇಕಾದ ಮಾತು ಹೊಂದಿಸುತ್ತಿದ್ದೆ.

ಆಗ ಸೆಲ್ವರಾಜ್ ಕೊಡೆ ಮಡಿಚಿ ನನ್ನ ಕೈಗಿತ್ತರು. ಬೂಟು, ಕಾಲುಚೀಲ ಕಳಚಿ ಪ್ಯಾಂಟನ್ನು ಮೊಣಕಾಲಿನ ತನಕ ಮಡಿಸಿ ಕೆಸರಿಗೆ ಇಳಿದೇಬಿಟ್ಟರು. ಆ ವಯಸ್ಸಿನಲ್ಲಿ ಅವರು ಚೆಂಡನ್ನು ಕಾಲಿನಲ್ಲೇ ಆಡಿಸಿಕೊಂಡು ಒಬ್ಬೊಬ್ಬರನ್ನೇ ದಾಟಿ ಹೋದ ಚೆಂದಕ್ಕೆ ಎದುರು ತಂಡದವರೇ ಚಪ್ಪಾಳೆ ತಟ್ಟಿದರು. ಅವರು ನಿಲ್ಲಿಸಿ ತೋರಿಸಿದರು, ನಮ್ಮವರು ಬಿದ್ದು ಎದ್ದು ಕಲಿತರು. ಬಹಳ ಹೊತ್ತಾದ ಮೇಲೆ ಏದುಸಿರು ಬಿಡುತ್ತ ಬಂದು ನಮ್ಮ ನಡುವೆ ಕುಳಿತು ಅವರು ಹೇಳಿದರು. "ಬೆಂಗಳೂರು ಕಂಟೋನ್ಮೆಂಟ್ ಗಲ್ಲೀಲಿ ಆಡಿ ಬೆಳೆದೋನು ಸಾರ್ ನಾನು. ಈಗ ಆಫೀಸಲ್ಲಿ ಬಾಯಿ ಬಿಟ್ರೆ ಕ್ರಿಕೆಟ್ಟು. ಫುಟ್‌ಬಾಲ್ ಸತ್ತೋಯ್ತು ಅಂತ ನನ್ನ ಆಡ್ಕೋತಾರೆ. ಎಲ್ಲೋ ಒಂದೂರಲ್ಲಿ ಇನ್ನೂ ಇದೆ ಅಂತ ನಾನು ಹೇಳ್ತಾನೇ ಇದ್ದೆ." ಅವರ ಕಣ್ಣು ತುಂಬಿತ್ತು. ಅಲ್ಲಿಯವರೆಗೆ ನನಗೆ ಕೆಲಸ ಹೋಗುವ ಹೆದರಿಕೆ ಮಾತ್ರ ಇತ್ತು. ಈಗ ನಿಜ ತಿಳಿದರೆ ಆ ಮನುಷ್ಯನ ಸಂತೋಷ ಹೋಗುತ್ತದಲ್ಲ ಎಂದು ಸಂಕಟವಾಯಿತು.

"ಅಯ್ಯೋ, ಸಾಹೇಬ್ರ ಕಾಲು!" ಎಂದು ಗಿರಿಜಮ್ಮ ಕೂಗಿದರು.

ಎರಡೂ ಮೀನಖಂಡಗಳಿಂದ ರಕ್ತ ಧಾರೆಯಾಗಿ ಇಳಿಯುತ್ತಿತ್ತು. ಇಂಬಳಗಳು ಕುಡಿದು ಕುಡಿದು ದ್ರಾಕ್ಷಿಯ ಗಾತ್ರವಾಗಿದ್ದವು. ಸೆಲ್ವರಾಜ್ ತಮ್ಮ ಕಾಲು ನೋಡಿಕೊಂಡರು. ಆಮೇಲೆ ಸಾಲಾಗಿ ಕುಳಿತಿದ್ದ ಎಲ್ಲರ ಕಾಲುಗಳನ್ನೂ ನೋಡುತ್ತ ಬಂದರು. ಯಾರ ಕಾಲಿನಲ್ಲೂ ಒಂದು ತೊಟ್ಟು ರಕ್ತವಿರಲಿಲ್ಲ.

"ಸ್ಟಾಕಿಂಗ್ಸ್ ಇಲ್ದೆ ಮಳೇಲಿ ಯಾರಾದ್ರೂ ತೋಟಕ್ಕೆ ಇಳೀತಾರಾ ಸಾರ್?" ಎಂದು ಗಿರಿಜಮ್ಮ ಮರುಗಿದರು. "ವಾಸಣ್ಣನ ಅಂಗಡೀಲಿ ಸಿಗುತ್ತಲ್ಲ. ಇಂಬಳಕ್ಕೆ ಅಂತ್ಲೇ ತರ್ಸ್ತಾರೆ."

ಸರಳಕ್ಕ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಅವರ ಕಾಲಿಗೆ ಸವರುತ್ತ ಒಂದೊಂದನ್ನೇ ಬೀಳಿಸಿದರು. ಸೆಲ್ವರಾಜ್ ಅಷ್ಟೂ ಹೊತ್ತು ಆ ಹಳೇ ಚೆಂಡನ್ನೇ ನೋಡುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, "ಒಂದು ಜೊತೆ ಇದೆಯಾ?" ಎಂದರು. ಹೊಗೆಸೊಪ್ಪಿನ ನೀರಿನಲ್ಲಿ ಅದ್ದಿ ಒಣಗಿಸಿದ ಹೊಸ ಜೊತೆಯೊಂದು ನನ್ನ ಬ್ಯಾಗಿನಲ್ಲಿ ಇತ್ತು. ವಾಸಣ್ಣ ಬೇಡ ಬೇಡವೆಂದರೂ ಕೇಳದೆ ತಮ್ಮ ಕಂಪನಿಯ ಸ್ಟಾಕಿಂಗ್ಸನ್ನು ತಾವೇ ಪೂರ್ತಿ ದುಡ್ಡು ಕೊಟ್ಟು ಕೊಂಡು, ಹೊಗೆಸೊಪ್ಪಿನ ನಾತಕ್ಕೆ ಮುಖ ಕಿವುಚಿಕೊಂಡು ಮೊಣಕಾಲಿನವರೆಗೆ ಎಳೆದುಕೊಂಡರು.

"ಕಂಪನೀಲಿ ಎಂತ ಹೇಳ್ತೀರಿ ಸಾರ್?" ಎಂದು ವಾಸಣ್ಣ ಕೇಳಿದರು.

"ಬೇರೆ ಕಂಪನಿ ಮಾಲಿಲ್ಲ, ಏಜೆನ್ಸಿ ಇಲ್ಲೇ ಇರಲಿ ಅಂತೀನಿ. ಮೂಡಿಗೆರೇಲಿ ಫುಟ್‌ಬಾಲ್ ಆಡ್ತಾರೆ ಅಂತಾನೂ ಹೇಳ್ತೀನಿ" ಎಂದು ಸೆಲ್ವರಾಜ್ ಎದ್ದು ನಿಂತರು. "ಅರ್ಧ ಗಂಟೆಯಿಂದ ನಿಜಾನೇ ಅಲ್ವಾ ಅದು? ಏಳ್ರಿ, ಕತ್ತಲಾಗೋದ್ರೊಳಗೆ ಇನ್ನೊಂಚೂರು ನಿಜ ಮಾಡೋಣ."